ಮಶ್ವರಾ (ಸಮಾಲೋಚನೆ) ಮಾಡೋಣ ಅಂದರೆ ಏನು ಮಾಡಬೇಕು?

ರಾತ್ರಿಯ ಇಶಾ ನಮಾಝ್ ಮುಗಿದಿದೆ. ಹತ್ತು ಹದಿನೈದು ಜನ ಮಸೀದಿಯ ಒಂದು ಮೂಲೆಯಲ್ಲಿ ಕೂತಿದ್ದಾರೆ. ಅಧ್ಯಕ್ಷರು ಜೇಬಿನಿಂದ ಚೀಟಿ ತೆಗೆದು ಓದುತ್ತಾರೆ, "ಛಾವಣಿ ರಿಪೇರಿ ಇಂಥವರಿಗೆ ಕೊಡೋದು ಅಂತ ಇದ್ದೇವೆ, ಎಲ್ಲರಿಗೂ ಒಪ್ಪಿಗೆ ಅಲ್ವಾ?" ನಾಲ್ಕು ಜನ ತಲೆ ಆಡಿಸುತ್ತಾರೆ. ಇಬ್ಬರು ಮೊಬೈಲ್ ನೋಡುತ್ತಿದ್ದಾರೆ. ಒಬ್ಬರು ಏನೋ ಹೇಳಲು ಬಾಯಿ ತೆರೆದು ಮತ್ತೆ ಮುಚ್ಚುತ್ತಾರೆ. ದುಆ (ಪ್ರಾರ್ಥನೆ) ಆಗುತ್ತದೆ, ಎಲ್ಲರೂ ಎದ್ದು ಹೋಗುತ್ತಾರೆ. ಪುಸ್ತಕದಲ್ಲಿ ಮಾತ್ರ "ಮಶ್ವರಾ ಮಾಡಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ಬರೆದಿರುತ್ತದೆ.

ಆ ಪುಸ್ತಕ ಬರೆಯುವ ಕೆಲಸ ಕೆಲವು ವರ್ಷ ನನ್ನದೇ ಆಗಿತ್ತು. ಆ ವಾಕ್ಯವನ್ನು ಎಷ್ಟು ಸಲ ಬರೆದೆನೋ ಲೆಕ್ಕ ಇಟ್ಟಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿರುವುದರಲ್ಲಿ ಅರ್ಧ ಓದಿ ತಿಳಿದದ್ದು, ಇನ್ನರ್ಧ ತಪ್ಪು ಮಾಡಿ ತಿಳಿದದ್ದು. ಜಮಾಅತ್ (ಮಸೀದಿಯ ಸಮುದಾಯ), ಮದ್ರಸ ಕಮಿಟಿ, ಯುವಕರ ಸಂಘ, ಮನೆ, ಎಲ್ಲಿ ಬೇಕಾದರೂ ಇದನ್ನು ಬಳಸಬಹುದು.

ಮೊದಲು ಪದದ ಬಗ್ಗೆ ಒಂದು ಮಾತು. ಕುರ್‌ಆನ್ ಬಳಸುವ ಪದ ಶೂರಾ. ನಾವು ಆಡುವ ಮಶ್ವರಾ ಕೂಡ ಅದೇ ಬೇರಿನದು. ಅದೇ ಬೇರಿನಿಂದ ಬಂದ ಒಂದು ಕ್ರಿಯಾಪದಕ್ಕೆ ಅರಬಿಯಲ್ಲಿ ಜೇನುಗೂಡಿನಿಂದ ಜೇನು ತೆಗೆಯುವುದು ಅನ್ನುವ ಅರ್ಥವೂ ಇದೆ. ನನಗೆ ಇದು ತುಂಬಾ ಇಷ್ಟ. ಜೇನು ಗೂಡಿನ ಒಳಗೆ ಇರುತ್ತದೆ, ತಾನಾಗಿ ಹೊರಗೆ ಬರುವುದಿಲ್ಲ. ತೆಗೆಯುವವನು ಕೈ ಹಾಕಬೇಕು, ಒಂದೆರಡು ಕಡಿತವನ್ನೂ ತಿನ್ನಬೇಕು.

ಕುರ್‌ಆನಿನ 42ನೇ ಅಧ್ಯಾಯದ ಹೆಸರೇ ಅಶ್ಶೂರಾ. ಅದರ 38ನೇ ವಚನ ಸತ್ಯವಿಶ್ವಾಸಿಗಳ ಗುಣಗಳನ್ನು ಹೇಳುತ್ತಾ ಹೋಗುತ್ತದೆ: ಅವರು ನಮಾಝ್ ನೆಲೆಗೊಳಿಸುತ್ತಾರೆ, ತಮ್ಮ ವ್ಯವಹಾರಗಳನ್ನು ಪರಸ್ಪರ ಸಮಾಲೋಚನೆಯಿಂದ ನಡೆಸುತ್ತಾರೆ, ನಾವು (ಅಲ್ಲಾಹ) ಕೊಟ್ಟದ್ದರಿಂದ ಖರ್ಚು ಮಾಡುತ್ತಾರೆ. ನಮಾಝ್ ಒಂದು ಕಡೆ, ದಾನ ಇನ್ನೊಂದು ಕಡೆ, ನಡುವೆ ಮಶ್ವರಾ. ಇದು ಮಕ್ಕಾದಲ್ಲಿ ಇಳಿದ ಅಧ್ಯಾಯ ಅನ್ನುವುದನ್ನು ಗಮನಿಸಿ. ಆಗ ಮುಸ್ಲಿಮರ ಕೈಯಲ್ಲಿ ರಾಜ್ಯ ಇರಲಿಲ್ಲ, ಸೈನ್ಯ ಇರಲಿಲ್ಲ, ಖಜಾನೆ ಇರಲಿಲ್ಲ. ಶೂರಾ ಅಂದರೆ ಅದು ಆಳುವವರ ವಿಷಯ, ನಮಗೇನು ಅನ್ನುವವರಿಗೆ ಇಷ್ಟು ಸಾಕು.

ಇದು ಮಶ್ವರಾಕ್ಕೆ ಬರುವ ವಿಷಯವಾ?

ಮೊದಲ ಕೆಲಸ ಇದು. ಬದ್ರ್ ಯುದ್ಧದ (624) ಹೊತ್ತಿಗೆ ಪ್ರವಾದಿ ಮುಹಮ್ಮದ್(ಸ) ಒಂದು ಜಾಗದಲ್ಲಿ ಬೀಡುಬಿಟ್ಟರು (ಹೆಸರಿನ ಜೊತೆ ಬರುವ ಸ, ರ, ಅ ಗೌರವದ ಹಾರೈಕೆಗಳು). ಹುಬಾಬ್ ಬಿನ್ ಮುಂದಿರ್(ರ) ಬಂದು ಒಂದು ಪ್ರಶ್ನೆ ಕೇಳಿದ್ದನ್ನು ಸೀರತ್ (ಪ್ರವಾದಿಯ ಜೀವನಚರಿತ್ರೆ) ಗ್ರಂಥಗಳು ಹೇಳುತ್ತವೆ. ಇಲ್ಲೇ ನಿಲ್ಲಬೇಕೆಂದು ಅಲ್ಲಾಹನ ಆದೇಶವೋ, ಅಥವಾ ಇದು ಅಭಿಪ್ರಾಯ ಮತ್ತು ಯುದ್ಧತಂತ್ರವೋ? ಅಭಿಪ್ರಾಯವೇ ಅಂತ ಪ್ರವಾದಿ(ಸ) ಹೇಳಿದ ಮೇಲೆ ಹುಬಾಬ್, ಹಾಗಾದರೆ ಇದು ಸರಿಯಾದ ಜಾಗ ಅಲ್ಲ, ಶತ್ರುವಿಗೆ ಹತ್ತಿರದ ಬಾವಿಯ ಬಳಿ ಹೋಗೋಣ, ಉಳಿದ ಬಾವಿಗಳನ್ನು ಮುಚ್ಚೋಣ ಅಂದರು. ಬೀಡು ಜಾಗ ಬದಲಾಯಿತು.

ಹುಬಾಬ್ ಮೊದಲು ಸಲಹೆ ಕೊಡಲಿಲ್ಲ. ಸಲಹೆಗೆ ಜಾಗ ಇದೆಯೇ ಅಂತ ಕೇಳಿದರು. ನೀವೂ ಹಾಗೇ ಮಾಡಿ. ಫಜ್ರ್‌ಗೆ (ಮುಂಜಾನೆಯ ನಮಾಝಿಗೆ) ಎಷ್ಟು ರಕಅತ್, ಅಂದರೆ ಎಷ್ಟು ಆವೃತ್ತಿ ಅಂತ ಯಾರೂ ಸಭೆ ಕರೆಯುವುದಿಲ್ಲ. ಆದರೆ ವಕ್ತ್ (ನಮಾಝಿನ ವೇಳೆ) ಬಂದ ಮೇಲೆ ಜಮಾಅತ್ (ಸಾಮೂಹಿಕ ನಮಾಝ್) ಎಷ್ಟು ಹೊತ್ತಿಗೆ ಶುರುವಾಗಬೇಕು ಅನ್ನುವುದು ಮಶ್ವರಾದ ವಿಷಯ. ಝಕಾತ್ (ಕಡ್ಡಾಯ ದಾನ) ಯಾರಿಗೆ ಸಲ್ಲಬೇಕು ಅನ್ನುವ 8 ವರ್ಗಗಳು 9ನೇ ಅಧ್ಯಾಯದ 60ನೇ ವಚನದಲ್ಲಿ ಬಂದಿವೆ, ಅದರ ಮೇಲೆ ಮತ ಹಾಕುವಂತಿಲ್ಲ. ಆ ವರ್ಗಗಳ ಒಳಗೆ ಈ ಸಲ ಯಾವ ಮನೆಗೆ ಮೊದಲು, ಹಣವಾಗಿ ಕೊಡಬೇಕೋ ಬೇರೆ ರೀತಿಯಲ್ಲಿ ಕೊಡಬೇಕೋ, ಹೆಸರು ಬಯಲಾಗದಂತೆ ಹೇಗೆ ತಲುಪಿಸಬೇಕು, ಇದೆಲ್ಲ ನೀವೇ ಕೂತು ಯೋಚಿಸಬೇಕಾದದ್ದು. ಯಾವುದು ಯಾವ ಕಡೆ ಅಂತ ಗೊತ್ತಾಗದಿದ್ದರೆ ಆಲಿಮರನ್ನು (ಧರ್ಮ ವಿದ್ವಾಂಸರನ್ನು) ಮೊದಲೇ ಕೇಳಿ. ಸಭೆಯ ನಡುವೆ ಯಾರೋ ಎದ್ದು "ಇದು ದೀನಿನ (ಧರ್ಮದ) ವಿಷಯ, ಚರ್ಚೆ ಮಾಡಬಾರದು" ಅಂದುಬಿಟ್ಟರೆ ಅಲ್ಲಿಗೆ ಎಲ್ಲರ ಬಾಯಿ ಬಂದ್. ಕಾರ್ಪೆಟ್ ಬಣ್ಣದ ಬಗ್ಗೆಯೂ ಈ ಮಾತು ಬಂದದ್ದನ್ನು ನಾನು ಕೇಳಿದ್ದೇನೆ.

ಇನ್ನೊಂದು ಕಡೆಯೂ ಗೆರೆ ಇದೆ, ಅದನ್ನು ಜನ ಬೇಗ ಮರೆಯುತ್ತಾರೆ. ಒಬ್ಬರ ಸ್ವಂತ ಹಕ್ಕಿನ ವಿಷಯವನ್ನು ಹತ್ತು ಜನ ಕೂತು ತೀರ್ಮಾನಿಸುವಂತಿಲ್ಲ. ಬರೀರ(ರ) ಗುಲಾಮಗಿರಿಯಿಂದ ಬಿಡುಗಡೆಯಾದಾಗ ಗಂಡನ ಜೊತೆ ಇರುವುದೋ ಬಿಡುವುದೋ ಅನ್ನುವ ಆಯ್ಕೆ ಅವರದಾಯಿತು. ಅವರು ಬಿಟ್ಟರು. ಗಂಡ ಮುಗೀಸ್ ಮದೀನಾದ ಬೀದಿಗಳಲ್ಲಿ ಗಡ್ಡ ತೋಯುವಷ್ಟು ಅಳುತ್ತಾ ಹಿಂದೆ ಸುತ್ತುತ್ತಿದ್ದರು. ಪ್ರವಾದಿ(ಸ) ಕನಿಕರಪಟ್ಟು, ನೀನು ಮರಳಿ ಹೋದರೆ ಚೆನ್ನಾಗಿತ್ತು ಅಂದರು. ಬರೀರ ಕೇಳಿದ್ದು ಒಂದೇ: ಇದು ಆಜ್ಞೆಯಾ? ಇಲ್ಲ, ಶಿಫಾರಸು ಅಷ್ಟೇ. ಹಾಗಾದರೆ ನನಗೆ ಅವರು ಬೇಡ. ಮಾತು ಅಲ್ಲಿಗೆ ಮುಗಿಯಿತು, ಯಾರೂ ಅವರನ್ನು ಬೈಯಲಿಲ್ಲ. ಹುಡುಗಿಯ ಮದುವೆ, ವಿಧವೆಯ ಆಸ್ತಿ, ಇಂಥವನ್ನು "ಜಮಾಅತಿನಲ್ಲಿ ಮಾತಾಡಿ ಮುಗಿಸೋಣ" ಅನ್ನುವವರು ಈ ಹದೀಸನ್ನು (ಪ್ರವಾದಿಯ ಮಾತು, ನಡೆಯ ವರದಿ) ಒಮ್ಮೆ ಓದಬೇಕು.

ಯಾರನ್ನು ಕರೆಯಬೇಕು

ನನ್ನ ಲೆಕ್ಕದಲ್ಲಿ ಅರ್ಧ ಮಶ್ವರಾ ಕೆಡುವುದು ಇಲ್ಲೇ. ಯಾವಾಗಲೂ ಅದೇ ಹತ್ತು ಮುಖ. ಎಲ್ಲರಿಗೂ ಒಂದೇ ವಯಸ್ಸು, ಹೆಚ್ಚುಕಮ್ಮಿ ಒಂದೇ ಥರದ ಕೆಲಸ, ಬಹಳ ಸಲ ಒಂದೇ ಕುಟುಂಬ.

ನಮ್ಮಲ್ಲಿ ಒಮ್ಮೆ ಹೆಂಗಸರು ನಮಾಝ್ ಮಾಡುವ ಜಾಗವನ್ನು ಬದಲಿಸುವ ಮಾತು ಬಂತು. ನಾವು ಗಂಡಸರು ಮೂರು ಸಭೆ ಮಾಡಿದೆವು. ನಕ್ಷೆ ಹಾಕಿದೆವು, ಲೆಕ್ಕ ಹಾಕಿದೆವು, ಕೆಲಸವೂ ಮುಗಿಯಿತು. ವುಝೂ (ನಮಾಝಿಗೆ ಮೊದಲು ಕೈಕಾಲು ತೊಳೆಯುವುದು) ಮಾಡುವ ನಲ್ಲಿ ಕೆಳಗೆ, ನಮಾಝ್ ಜಾಗ ಮೇಲೆ, ನಡುವೆ ಕಡಿದಾದ ಮೆಟ್ಟಿಲು. ಮಂಡಿ ನೋವಿನ ಅಜ್ಜಿಯರು, ಮಗು ಎತ್ತಿಕೊಂಡ ತಾಯಂದಿರು ಒದ್ದೆ ಕಾಲಲ್ಲಿ ಆ ಮೆಟ್ಟಿಲು ಹತ್ತಬೇಕಿತ್ತು. ಎರಡೇ ತಿಂಗಳಲ್ಲಿ ಬರುವವರು ಕಡಿಮೆಯಾದರು. ಆಗ ಯಾರೋ ಒಬ್ಬರು, ಹೆಂಗಸರಿಗೆ ಆಸಕ್ತಿಯೇ ಇಲ್ಲ ನೋಡಿ ಅಂದರು! ಕೇಳಿದ್ದರೆ ಐದು ನಿಮಿಷದ ಮಾತು. ನಾವು ಒಬ್ಬ ಹೆಂಗಸಿನ ಹತ್ತಿರವೂ ಕೇಳಿರಲಿಲ್ಲ. ಪುಸ್ತಕದಲ್ಲಿ ನಾನೇ "ಸರ್ವಾನುಮತ" ಅಂತ ಬರೆದಿದ್ದೆ.

ಇದಕ್ಕೆ ಸರಿಯಾದ ಉತ್ತರ ಮಕ್ಕಾದ ಹತ್ತಿರದ ಹುದೈಬಿಯದ ಘಟನೆಯಲ್ಲಿದೆ. 628ರಲ್ಲಿ ಉಮ್ರಾಗೆ (ಮಕ್ಕಾದ ತೀರ್ಥಯಾತ್ರೆಗೆ) ಹೊರಟವರನ್ನು ಮಕ್ಕಾದ ಕುರೈಶ್ ಬುಡಕಟ್ಟಿನವರು ತಡೆದರು, ಒಪ್ಪಂದ ಆಯಿತು, ಈ ವರ್ಷ ಹಿಂದಕ್ಕೆ ಹೋಗಬೇಕು. ಸಹಾಬಿಗಳಿಗೆ (ಪ್ರವಾದಿಯ ಸಂಗಾತಿಗಳಿಗೆ) ಮನಸ್ಸು ಮುರಿದಿತ್ತು. ಬಲಿ ಕೊಟ್ಟು ತಲೆ ಬೋಳಿಸಿ ಅಂತ ಪ್ರವಾದಿ(ಸ) ಮೂರು ಸಲ ಹೇಳಿದರೂ ಯಾರೂ ಏಳಲಿಲ್ಲ. ಅವರು ಡೇರೆಗೆ ಹೋಗಿ ಪತ್ನಿ ಉಮ್ಮು ಸಲಮರ(ರ) ಬಳಿ ಇದನ್ನು ಹೇಳಿಕೊಂಡರು. ಅವರು ಕೊಟ್ಟ ಸಲಹೆ ಇಷ್ಟು: ಯಾರೊಂದಿಗೂ ಮಾತಾಡಬೇಡಿ, ನೀವೇ ಹೋಗಿ ನಿಮ್ಮ ಒಂಟೆಯನ್ನು ಬಲಿ ಕೊಡಿ, ಕ್ಷೌರಿಕನನ್ನು ಕರೆದು ತಲೆ ಬೋಳಿಸಿಕೊಳ್ಳಿ. ಅವರು ಹಾಗೇ ಮಾಡಿದರು. ನೋಡಿದವರೆಲ್ಲ ಎದ್ದು ತಾವೂ ಮಾಡಿದರು. ನೂರಾರು ಗಂಡಸರಿದ್ದ ಬೀಡಿನಲ್ಲಿ ಬಿಕ್ಕಟ್ಟು ಬಿಡಿಸಿದ್ದು ಒಬ್ಬ ಹೆಣ್ಣುಮಗಳ ಮಾತು.

ಹೊರಗಿನಿಂದ ಬಂದವರನ್ನೂ ಕೇಳಿ. 627ರಲ್ಲಿ ಶತ್ರುಗಳು ಮುತ್ತಿಗೆ ಹಾಕಲು ಬಂದಾಗ ಮದೀನಾದ ರಕ್ಷಣೆಗೆ ಕಂದಕ ತೋಡುವ ಉಪಾಯ ಕೊಟ್ಟದ್ದು ಪರ್ಷಿಯಾದಿಂದ ಬಂದ ಸಲ್ಮಾನ್ ಫಾರ್ಸಿ(ರ). ಅರಬರಿಗೆ ಆ ತಂತ್ರ ಪರಿಚಯ ಇರಲಿಲ್ಲ. ಹುಡುಗರನ್ನೂ ಕರೆಯಿರಿ. ಖಲೀಫ ಉಮರ್(ರ) ಬದ್ರ್‌ನಲ್ಲಿ ಹೋರಾಡಿದ ಹಿರಿಯರ ಸಭೆಗೆ ಎಳೆಯ ಇಬ್ನ್ ಅಬ್ಬಾಸರನ್ನು(ರ) ಕೂರಿಸುತ್ತಿದ್ದರು. ನಮಗೂ ಇವನ ವಯಸ್ಸಿನ ಮಕ್ಕಳಿದ್ದಾರೆ, ಇವನೇಕೆ ಇಲ್ಲಿ ಅಂತ ಹಿರಿಯರು ಗೊಣಗಿದ್ದೂ ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿ ದಾಖಲಾಗಿದೆ. ಹಿರಿಯರ ಗೊಣಗಾಟ ಹೊಸದೇನಲ್ಲ, ಬಿಡಿ.

ಇವರೆಲ್ಲರಿಗಿಂತ ಮುಖ್ಯ, ತೀರ್ಮಾನದ ಭಾರ ಯಾರ ಮೇಲೆ ಬೀಳುತ್ತದೋ ಅವರು. ಕಂದಕದ ಮುತ್ತಿಗೆಯಲ್ಲೇ, ಮುತ್ತಿಗೆ ಹಾಕಿದವರಲ್ಲಿ ಒಂದಾದ ಗತಫಾನ್ ಬುಡಕಟ್ಟಿಗೆ ಮದೀನಾದ ಖರ್ಜೂರದ ಮೂರನೇ ಒಂದು ಪಾಲು ಕೊಟ್ಟು ಅವರನ್ನು ವಾಪಸ್ ಕಳಿಸುವ ಯೋಚನೆ ಬಂತು. ತೋಟಗಳು ಮದೀನಾದ ಮೂಲನಿವಾಸಿ ಮುಸ್ಲಿಮರಾದ ಅನ್ಸಾರ್‌ಗಳದ್ದು. ಹಾಗಾಗಿ ಪ್ರವಾದಿ(ಸ) ಅವರ ನಾಯಕರಾದ ಸಅದ್ ಬಿನ್ ಮುಆದ್ ಮತ್ತು ಸಅದ್ ಬಿನ್ ಉಬಾದ(ರ) ಇಬ್ಬರನ್ನೂ ಕೇಳಿದರು. ಅವರೂ ಹುಬಾಬ್ ಕೇಳಿದ ಪ್ರಶ್ನೆಯನ್ನೇ ಕೇಳಿದರು. ಆದೇಶವಲ್ಲ, ನಿಮ್ಮ ಹೊರೆ ಇಳಿಸಲು ನಾನು ಯೋಚಿಸಿದ್ದು ಅಂತ ತಿಳಿದಾಗ, ಕೊಡುವುದಿಲ್ಲ ಅಂದರು. ಒಪ್ಪಂದದ ಮಾತನ್ನು ಕೈಬಿಟ್ಟರು.

ಹಾಗಾದರೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಬೇಕಾ? ಬೇಕಾಗಿಲ್ಲ, ಎಷ್ಟೋ ಸಲ ಕೂರಿಸಲೂ ಬಾರದು. ಸುಮಾರು 639ರಲ್ಲಿ ಉಮರ್(ರ) ಶಾಮ್ (ಸಿರಿಯಾ) ಕಡೆ ಹೊರಟಾಗ ದಾರಿಯಲ್ಲಿ ಸರ್ಗ್ ಎಂಬಲ್ಲಿ ಪ್ಲೇಗ್ ಸುದ್ದಿ ಬಂತು. ಅವರು ಮೊದಲು ಮಕ್ಕಾದಿಂದ ಮದೀನಾಕ್ಕೆ ವಲಸೆ ಬಂದಿದ್ದ ಮುಹಾಜಿರ್‌ಗಳನ್ನು ಕರೆದರು, ಅವರಲ್ಲಿ ಒಮ್ಮತ ಇರಲಿಲ್ಲ. ಅವರನ್ನು ಕಳಿಸಿ ಅನ್ಸಾರ್‌ಗಳನ್ನು ಕರೆದರು, ಅಲ್ಲೂ ಅದೇ. ಆಮೇಲೆ ಕುರೈಶರ ಹಿರಿಯರನ್ನು ಕರೆದರು. ಅವರು ಒಂದೇ ಮಾತಲ್ಲಿ, ಜನರನ್ನು ಪ್ಲೇಗಿನ ಬಾಯಿಗೆ ಒಯ್ಯಬೇಡಿ, ಹಿಂದಿರುಗಿ ಅಂದರು. ಹೀಗೆ ಗುಂಪು ಗುಂಪಾಗಿ ಕೇಳಿದರೆ ಒಂದು ಲಾಭ ಇದೆ, ದೊಡ್ಡ ದನಿಯವರ ಎದುರು ಸಣ್ಣ ದನಿಯವರು ಮುದುಡುವುದಿಲ್ಲ. ಯುವಕರನ್ನು ಒಂದು ದಿನ, ಹೆಂಗಸರನ್ನು ಒಂದು ದಿನ, ಹಿರಿಯರನ್ನು ಒಂದು ದಿನ ಕೇಳಿ. ಸಮಯ ಜಾಸ್ತಿ ಹಿಡಿಯುತ್ತದೆ, ನಿಜ. ಮೆಟ್ಟಿಲು ಒಡೆದು ಮತ್ತೆ ಕಟ್ಟುವುದಕ್ಕಿಂತ ಕಡಿಮೆಯೇ.

ಕೂತ ಮೇಲೆ

ವಿಷಯವನ್ನು ಎರಡು ಮೂರು ದಿನ ಮೊದಲೇ ತಿಳಿಸಿ. ಲೆಕ್ಕ, ಕೊಟೇಶನ್, ನಕ್ಷೆ ಏನಿದ್ದರೂ ಮೊದಲೇ ಕಳಿಸಿ. ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಇಡಿ. "ಛಾವಣಿ ಇಂಥವರಿಗೆ ಕೊಡೋಣವಾ" ಅಂದರೆ ಅರ್ಧ ತೀರ್ಮಾನ ಆಗಿಹೋಯಿತು. "ಛಾವಣಿ ಸೋರುತ್ತಿದೆ, ಏನು ಮಾಡೋಣ" ಅಂದರೆ ಯಾರೋ ಒಬ್ಬರು, ಸೋರುತ್ತಿರುವುದು ಛಾವಣಿಯಲ್ಲ, ಟ್ಯಾಂಕಿನ ಪೈಪು ಅಂತ ಹೇಳಲೂಬಹುದು.

ಅಧ್ಯಕ್ಷರು ಅಥವಾ ಅಮೀರ್ (ನಾಯಕ) ಕೊನೆಗೆ ಮಾತಾಡಲಿ. ಇದು ನನ್ನ ಸಲಹೆ, ನಿಯಮ ಅಂತ ಹೇಳುತ್ತಿಲ್ಲ. ಆದರೆ ದೊಡ್ಡವರು ಮೊದಲು ಬಾಯಿ ತೆರೆದರೆ ಉಳಿದವರು ಮರ್ಯಾದೆಗೆ ಸುಮ್ನೆ ಇರುತ್ತಾರೆ, ಆ ಮೌನವನ್ನು ನಾವು ಒಪ್ಪಿಗೆ ಅಂತ ಬರೆದುಕೊಳ್ಳುತ್ತೇವೆ.

ಮೌನದ ವಿಷಯ ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲೋಣ. ಬದ್ರ್‌ಗೆ ಮೊದಲು ಪ್ರವಾದಿ(ಸ) ಜನರ ಅಭಿಪ್ರಾಯ ಕೇಳಿದಾಗ ಮುಹಾಜಿರ್‌ಗಳು ಎದ್ದು ಮಾತಾಡಿದರು. ಮಿಕ್ದಾದ್(ರ) ಅವರ ಮಾತಂತೂ ರೋಮಾಂಚನ ತರುವಂಥದ್ದು. ನಮ್ಮ ಸಭೆಯಾಗಿದ್ದರೆ ಅಲ್ಲಿಗೆ ತಕ್ಬೀರ್ (ಅಲ್ಲಾಹು ಅಕ್ಬರ್) ಹೇಳಿ ಮುಗಿಸುತ್ತಿದ್ದೆವು. ಪ್ರವಾದಿ(ಸ) ಮಾತ್ರ, ಜನರೇ, ನನಗೆ ಸಲಹೆ ಕೊಡಿ ಅಂತ ಮತ್ತೆ ಕೇಳಿದರು. ಯಾಕೆಂದರೆ ಅನ್ಸಾರ್‌ಗಳು ಇನ್ನೂ ಮಾತಾಡಿರಲಿಲ್ಲ. ಮಕ್ಕಾದ ಹತ್ತಿರದ ಅಕಬ ಎಂಬಲ್ಲಿ ಅವರು ಮೊದಲು ಕೊಟ್ಟಿದ್ದ ಮಾತು ಮದೀನಾದ ಒಳಗೆ ರಕ್ಷಣೆ ಕೊಡುವುದಾಗಿತ್ತು, ಇದು ಮದೀನಾದ ಹೊರಗಿನ ಯುದ್ಧ. ಸಅದ್ ಬಿನ್ ಮುಆದ್(ರ) ಎದ್ದು, ನೀವು ನಮ್ಮನ್ನೇ ಉದ್ದೇಶಿಸಿ ಕೇಳುತ್ತಿರುವಂತಿದೆ ಅಂದರು. ಹೌದು ಅಂದಾಗ ಅವರು ಸ್ಪಷ್ಟವಾಗಿ ಒಪ್ಪಿಗೆ ಕೊಟ್ಟರು. ಆಮೇಲೆಯೇ ಹೊರಟದ್ದು. ಮಾತಾಡದೇ ಕೂತವರು ಯಾರು, ಅವರು ಯಾಕೆ ಮಾತಾಡುತ್ತಿಲ್ಲ, ಇದನ್ನು ನೋಡುವುದೇ ಸಭೆ ನಡೆಸುವವರ ದೊಡ್ಡ ಕೆಲಸ.

ಮೌನದಂತೆಯೇ ಗದ್ದಲವನ್ನೂ ನಂಬಬೇಡಿ. ಹುನೈನ್ ಯುದ್ಧದ (630) ನಂತರ ಹವಾಝಿನ್ ಬುಡಕಟ್ಟಿನವರು ಬಂದು ಸೆರೆಯಾದ ತಮ್ಮವರನ್ನು ಬಿಟ್ಟುಕೊಡಿ ಅಂತ ಕೇಳಿಕೊಂಡರು. ಸೆರೆಯಾಳುಗಳು ಆಗಲೇ ಯೋಧರಿಗೆ ಹಂಚಿಹೋಗಿದ್ದರು. ಪ್ರವಾದಿ(ಸ) ಜನರ ಮುಂದೆ ವಿಷಯ ಇಟ್ಟರು: ಯಾರು ಸಂತೋಷದಿಂದ ಬಿಡುತ್ತೀರೋ ಬಿಡಿ, ಯಾರಿಗೆ ತಮ್ಮ ಪಾಲು ಬೇಕೋ ಅವರಿಗೆ ಮುಂದೆ ಸಿಗುವ ಮೊದಲ ಯುದ್ಧಸಂಪತ್ತಿನಿಂದ ಕೊಡುತ್ತೇವೆ. ಜನರೆಲ್ಲ ಒಟ್ಟಿಗೆ, ನಾವು ಸಂತೋಷದಿಂದ ಬಿಟ್ಟೆವು ಅಂದರು. ಆಗ ಪ್ರವಾದಿ(ಸ) ಹೇಳಿದ್ದರ ಸಾರ ಇದು: ನಿಮ್ಮಲ್ಲಿ ಯಾರು ಒಪ್ಪಿದ್ದಾರೆ, ಯಾರು ಒಪ್ಪಿಲ್ಲ ಅಂತ ನಮಗೆ ಗೊತ್ತಾಗುತ್ತಿಲ್ಲ. ಹೋಗಿ, ನಿಮ್ಮ ನಿಮ್ಮ ಪ್ರತಿನಿಧಿಗಳು ವಿಚಾರಿಸಿ ನಮಗೆ ಬಂದು ತಿಳಿಸಲಿ. ಪ್ರತಿನಿಧಿಗಳು ಹೋಗಿ, ಮಾತಾಡಿಸಿ, ಬಂದು ಒಪ್ಪಿದ್ದಾರೆ ಅಂದ ಮೇಲೆಯೇ ಅದು ಒಪ್ಪಿಗೆ ಆಯಿತು.

ಇಡೀ ಸಭೆ ಒಂದೇ ದನಿಯಲ್ಲಿ ಹೌದು ಅಂದಿತ್ತು. ಹೇಳಿದ್ದು ಅವರು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತಿದ್ದ ನಾಯಕನಿಗೆ. ಆದರೂ ಅದನ್ನು ಎಣಿಸಲಿಲ್ಲ. "ಎಲ್ಲರಿಗೂ ಒಪ್ಪಿಗೆ ಅಲ್ವಾ" ಅಂತ ನಾವು ಕೇಳುವ ಪ್ರಶ್ನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹಣದ, ಜಾಗದ, ಹಕ್ಕು ಬಿಟ್ಟುಕೊಡುವ ವಿಷಯ ಇದ್ದರೆ ಅದೇ ರಾತ್ರಿ ಮುಗಿಸಬೇಡಿ. ಒಂದು ರಾತ್ರಿ ಕಳೆಯಲಿ. ಇಬ್ಬರು ನಂಬಿಕಸ್ಥರು ಒಬ್ಬೊಬ್ಬರನ್ನೇ ವಿಚಾರಿಸಲಿ, ಇಲ್ಲವೇ ಚೀಟಿಯಲ್ಲಿ ಬರೆದುಕೊಡಲು ಹೇಳಿ. ನಾವು ಹೀಗೆ ಶುರುಮಾಡಿದ ಮೊದಲ ಸಲ "ಸರ್ವಾನುಮತ"ದ ಸಭೆಯಿಂದ ಐದು ಬೇಡಗಳು ಹೊರಬಂದವು.

ಸಲಹೆ ಕೊಡುವವರಿಗೆ

ಸಲಹೆ ಕೇಳಲ್ಪಟ್ಟವನು ಅಮಾನತ್ (ನಂಬಿ ಒಪ್ಪಿಸಿದ ಹೊಣೆ) ಹೊತ್ತವನು ಅನ್ನುವ ಹದೀಸ್ ಇದೆ. ಅಂದರೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬೇಕು. ಒಳಗೆ ಬೇಡ ಅನಿಸುತ್ತಿದ್ದರೆ ಹೊರಗೆ ಹೌದು ಅನ್ನಬಾರದು. ಸಭೆಯಲ್ಲಿ ಕೇಳಿದ ಒಂದು ಮನೆಯ ಕಷ್ಟವನ್ನು ಹೊರಗೆ ಹೇಳಬಾರದು. ನಿಮ್ಮ ಅಣ್ಣನೇ ಕಂಟ್ರಾಕ್ಟರ್ ಆಗಿದ್ದರೆ ಮೊದಲೇ ಹೇಳಿ ಪಕ್ಕಕ್ಕೆ ಸರಿಯಬೇಕು. 644ರಲ್ಲಿ ಉಮರ್(ರ) ಸಾವಿನ ಹಾಸಿಗೆಯಲ್ಲಿ ಮುಂದಿನ ಖಲೀಫರ ಆಯ್ಕೆಗೆ 6 ಜನರ ಶೂರಾ ಮಾಡಿದರು: ಉಸ್ಮಾನ್, ಅಲಿ, ತಲ್ಹಾ, ಝುಬೈರ್, ಸಅದ್ ಬಿನ್ ಅಬೀ ವಕ್ಕಾಸ್, ಅಬ್ದುರ್ರಹ್ಮಾನ್ ಬಿನ್ ಔಫ್(ರ). ಮಗ ಅಬ್ದುಲ್ಲಾರನ್ನು ಸಭೆಯಲ್ಲಿ ಕೂರಿಸಿದರು, ಆದರೆ ಹುದ್ದೆಯಲ್ಲಿ ಅವರಿಗೆ ಪಾಲಿಲ್ಲ ಅಂದರು. ಆಮೇಲೆ ಅಬ್ದುರ್ರಹ್ಮಾನ್ ತಾವಾಗಿ ಸ್ಪರ್ಧೆಯಿಂದ ಹೊರಗೆ ಬಂದು, ಆಯ್ಕೆ ನಡೆಸುವ ಹೊಣೆ ಹೊತ್ತರು. ರಾತ್ರಿಯೆಲ್ಲ ಜನರನ್ನು ವಿಚಾರಿಸಿದರು. ಕಣ್ಣಿಗೆ ನಿದ್ದೆ ಹತ್ತಲಿಲ್ಲ ಅಂತ ಅವರೇ ಹೇಳಿದ್ದು ಬುಖಾರಿಯಲ್ಲಿದೆ. ಉಸ್ಮಾನ್(ರ) ಆಯ್ಕೆಯಾದರು.

ಇನ್ನೊಂದು ಕೆಟ್ಟ ಚಾಳಿ, ಸಭೆಗೆ ಮುಂಚೆ ಮೂರು ಜನ ಮನೆಯಲ್ಲಿ ಕೂತು ಎಲ್ಲ ಮುಗಿಸಿ ಬರುವುದು. ಈಗ ಅದಕ್ಕೆ ಪ್ರತ್ಯೇಕ ವಾಟ್ಸಾಪ್ ಗ್ರೂಪೇ ಇರುತ್ತದೆ. ಕುರ್‌ಆನ್ ಇಂಥ ಗುಟ್ಟಿನ ಪಿಸುಮಾತಿಗೆ ನಜ್ವಾ ಅನ್ನುತ್ತದೆ. 58ನೇ ಅಧ್ಯಾಯ ಅದನ್ನು ಶೈತಾನನ ಕಡೆಯಿಂದ ಬಂದದ್ದು, ವಿಶ್ವಾಸಿಗಳನ್ನು ನೋಯಿಸಲಿಕ್ಕೆ ಇರುವುದು ಅಂತ ಹೇಳುತ್ತದೆ. ಒಳ್ಳೆಯ ಕೆಲಸಕ್ಕಾಗಿ ಇಬ್ಬರು ಮಾತಾಡಿಕೊಳ್ಳುವುದು ಬೇರೆ. ಉಳಿದವರನ್ನು ನೆಪಕ್ಕೆ ಕರೆಯುವುದು ಬೇರೆ.

ತೀರ್ಮಾನ ಯಾರದು?

ಇದರ ಬಗ್ಗೆ ಆಲಿಮರಲ್ಲೇ ಎರಡು ಅಭಿಪ್ರಾಯ ಇದೆ, ಜಗಳ ಬೇಡ. ಶೂರಾ ಅಮೀರನಿಗೆ ದಾರಿ ತೋರಿಸುತ್ತದೆ, ಕೊನೆಯ ಮಾತು ಅವನದು ಅನ್ನುವವರು 3ನೇ ಅಧ್ಯಾಯದ 159ನೇ ವಚನವನ್ನು ತೋರಿಸುತ್ತಾರೆ. ಅಲ್ಲಿ ಅವರೊಂದಿಗೆ ಸಮಾಲೋಚಿಸಿರಿ ಅಂದಮೇಲೆ, ನೀವು ನಿರ್ಧರಿಸಿದಾಗ ಅಲ್ಲಾಹನ ಮೇಲೆ ಭರವಸೆ ಇಡಿ ಅಂತ ಏಕವಚನದಲ್ಲಿ ಬರುತ್ತದೆ. ಶೂರಾದ ಬಹುಮತ ಅಮೀರನನ್ನೂ ಕಟ್ಟಿಹಾಕುತ್ತದೆ ಅನ್ನುವವರು ಉಹುದ್ ಯುದ್ಧದ ಪ್ರಸಂಗ ತೋರಿಸುತ್ತಾರೆ, ಅದನ್ನು ಕೆಳಗೆ ಹೇಳುತ್ತೇನೆ.

ನನಗೆ ಅನಿಸುವುದು, ಯಾವುದನ್ನು ಆರಿಸಿದರೂ ಸಭೆಗೆ ಮೊದಲೇ ಆರಿಸಿ. ದಿನನಿತ್ಯದ ಸಣ್ಣ ಕೆಲಸ ಅಮೀರ್ ನಿರ್ಧರಿಸಲಿ. ಜನರ ಹಣ, ಕಟ್ಟಡ, ಇಮಾಮರ ನೇಮಕ, ಇವು ಬಹುಮತಕ್ಕೆ ಹೋಗಲಿ. ಇಂಥ ವಿಷಯದಲ್ಲಿ ಹೀಗೆ ಅಂತ ಬೈಲಾದಲ್ಲಿ ಬರೆದಿಡಿ. ಬಹುಮತ ತಮ್ಮ ಕಡೆ ಇದ್ದಾಗ "ಮತ ಹಾಕೋಣ" ಅನ್ನುವುದು, ಇಲ್ಲದಾಗ "ಅಮೀರರ ಮಾತು ಕೇಳಬೇಕು" ಅನ್ನುವುದು, ಇದನ್ನು ಮಾಡದವರು ಕಡಿಮೆ. ನಾನೂ ಮಾಡಿದ್ದೇನೆ. ಇಸ್ತಿಖಾರ (ಒಳಿತಿನ ದಾರಿ ತೋರಿಸು ಅಂತ ಅಲ್ಲಾಹನನ್ನು ಬೇಡುವುದು) ಇದ್ದೇ ಇದೆ, ಆದರೆ ಅದನ್ನು ಮಶ್ವರಾದ ಬದಲಿಗೆ ಇಡಬೇಡಿ. ನನಗೆ ಕನಸಲ್ಲಿ ಬಂತು ಅಂತ ಹೇಳಿ ಕಮಿಟಿಯ ಬಾಯಿ ಮುಚ್ಚಿಸುವುದಕ್ಕೆ ಅದು ಇರುವುದಲ್ಲ.

ತೀರ್ಮಾನ ತಪ್ಪಾದರೆ

625ರ ಉಹುದ್‌ಗೆ ಬರೋಣ. ಪ್ರವಾದಿಯವರ(ಸ) ಒಲವು ಮದೀನಾದ ಒಳಗೇ ಇದ್ದು ಎದುರಿಸುವುದರ ಕಡೆ ಇತ್ತು. ಬದ್ರ್ ಯುದ್ಧದಲ್ಲಿ ಹೋರಾಡುವ ಅವಕಾಶ ಸಿಗದಿದ್ದ ಯುವಕರು ಹೊರಗೆ ಹೋಗೋಣ ಅಂತ ಪಟ್ಟುಹಿಡಿದರು. ಅವರ ಮಾತು ಗೆದ್ದಿತು. ಪ್ರವಾದಿ(ಸ) ಒಳಗೆ ಹೋಗಿ ಯುದ್ಧಕವಚ ತೊಟ್ಟು ಬಂದರು. ಅಷ್ಟರಲ್ಲಿ ಇವರಿಗೆ ಪಶ್ಚಾತ್ತಾಪ, ನಾವು ಒತ್ತಾಯ ಮಾಡಿಬಿಟ್ಟೆವು, ನಿಮ್ಮಿಷ್ಟದಂತೆ ಇಲ್ಲೇ ಇರೋಣ ಅಂದರು. ಕವಚ ತೊಟ್ಟ ಪ್ರವಾದಿ ಹೋರಾಡದೆ ಅದನ್ನು ಕಳಚುವುದು ತರವಲ್ಲ ಅನ್ನುವುದು ಉತ್ತರವಾಗಿತ್ತು. ತೀರ್ಮಾನ ಆದ ಮೇಲೆ ಅಳುಕಬಾರದು ಅನ್ನುವುದಕ್ಕೆ ಎಲ್ಲರೂ ಈ ಪ್ರಸಂಗ ಹೇಳುತ್ತಾರೆ.

ಕಥೆಯ ಮುಂದಿನ ಭಾಗ ಹೇಳುವವರು ಕಡಿಮೆ. ಗುಡ್ಡದ ಮೇಲಿದ್ದ ಬಿಲ್ಲುಗಾರರು ಜಾಗ ಬಿಟ್ಟರು, ಸುಮಾರು 70 ಜನ ಹುತಾತ್ಮರಾದರು, ಪ್ರವಾದಿಯವರಿಗೂ(ಸ) ಗಾಯವಾಯಿತು. ಇಂಥ ಹೊತ್ತಲ್ಲಿ ಯಾವ ನಾಯಕನಾದರೂ ಇನ್ನು ನಿಮ್ಮನ್ನು ಕೇಳುವುದಿಲ್ಲ ಅನ್ನುತ್ತಿದ್ದ. ಆಗ ಇಳಿದ ವಚನವೇ ಮೇಲೆ ಹೇಳಿದ 3:159. ಅವರನ್ನು ಕ್ಷಮಿಸಿ, ಅವರಿಗಾಗಿ ಕ್ಷಮೆ ಬೇಡಿ, ವ್ಯವಹಾರಗಳಲ್ಲಿ ಅವರೊಂದಿಗೆ ಸಮಾಲೋಚಿಸಿ. ಯಾರ ಸಲಹೆಯಂತೆ ಹೊರಗೆ ಹೋಗಿ ಇಷ್ಟೆಲ್ಲ ಆಯಿತೋ ಅವರೊಂದಿಗೇ!

ಹಾಗಾಗಿ ಕೆಲಸ ಕೈಕೊಟ್ಟಾಗ "ನಾನು ಆಗಲೇ ಹೇಳಿದ್ದೆ" ಅನ್ನುವ ಮಾತನ್ನು ಸಭೆಯಿಂದ ಹೊರಗಿಡಿ. ತಪ್ಪು ಸಲಹೆ ಕೊಟ್ಟವರನ್ನು ಮುಂದಿನ ಸಭೆಗೆ ಕರೆಯದೇ ಬಿಡಬೇಡಿ. ಸೋತ ಪಕ್ಷದವರೂ ತೀರ್ಮಾನವಾದ ಮೇಲೆ ಕೈಜೋಡಿಸಬೇಕು, ಗೇಟಿನ ಹೊರಗೆ ನಿಂತು ಮತ್ತೆ ಅದೇ ಮಾತು ಎತ್ತಬಾರದು. ಹೊಸ ಮಾಹಿತಿ ಬಂದರೆ ಮಾತ್ರ ಮತ್ತೆ ಕೂರಿ. ಪುಸ್ತಕ ಬರೆಯುವವರು ಯಾರು ಏನು ಹೇಳಿದರು, ಯಾಕೆ ಬೇಡ ಅಂದರು ಅನ್ನುವುದನ್ನೂ ಎರಡು ಸಾಲು ಬರೆಯಿರಿ. ಆರು ತಿಂಗಳ ನಂತರ ಆ ಎರಡು ಸಾಲೇ ಕೆಲಸಕ್ಕೆ ಬರುವುದು.

ರಾಜ್ಯದ ಮಟ್ಟದಲ್ಲಿ

ಇಲ್ಲಿ ಬೇಗ ಹೇಳಿ ಮುಗಿಸುತ್ತೇನೆ. 632ರಲ್ಲಿ ಖಲೀಫ ಆದಾಗ ಅಬೂಬಕರ್(ರ), ನಾನು ಸರಿ ನಡೆದರೆ ಸಹಾಯ ಮಾಡಿ, ತಪ್ಪಿದರೆ ತಿದ್ದಿ ಅಂದರು. 661ರಲ್ಲಿ ಉಮಯ್ಯದ್ ವಂಶದ ಆಡಳಿತ ಶುರುವಾದ ಮೇಲೆ ಅಧಿಕಾರ ತಂದೆಯಿಂದ ಮಗನಿಗೆ ಹೋಗತೊಡಗಿತು. ಶೂರಾ ಅನ್ನುವುದು ಆಸ್ಥಾನದ ಸಲಹೆಗಾರರ ಮಾತಿಗೆ ಇಳಿಯಿತು. ಗ್ರಂಥಗಳಲ್ಲಿ ಮಾತ್ರ ಅದರ ಬೆಲೆ ಇಳಿಯಲಿಲ್ಲ. ಸ್ಪೇನಿನ ಮುಫಸ್ಸಿರ್ (ಕುರ್‌ಆನ್ ವ್ಯಾಖ್ಯಾನಕಾರ) ಇಬ್ನ್ ಅತಿಯ್ಯ, ಬಲ್ಲವರನ್ನು ಕೇಳದ ಆಡಳಿತಗಾರನನ್ನು ಕೆಳಗಿಳಿಸುವುದು ಕಡ್ಡಾಯ ಅಂತ 12ನೇ ಶತಮಾನದಲ್ಲೇ ಬರೆದರು.

ಈಗ ಹೆಸರು ಎಲ್ಲೆಡೆ ಇದೆ. ಪಾಕಿಸ್ತಾನದ ಸಂವಿಧಾನ ಅಲ್ಲಿನ ಸಂಸತ್ತನ್ನು ಮಜ್ಲಿಸೆ ಶೂರಾ ಅನ್ನುತ್ತದೆ, ಸದಸ್ಯರು ಚುನಾಯಿತರು. ಸೌದಿ ಅರೇಬಿಯದ ಮಜ್ಲಿಸ್ ಅಶ್ಶೂರಾದ 150 ಸದಸ್ಯರನ್ನು ದೊರೆ ನೇಮಿಸುತ್ತಾರೆ, 2013ರಲ್ಲಿ ಮೊದಲ ಸಲ 30 ಮಹಿಳೆಯರು ಬಂದರು. ಇಂಡೋನೇಷ್ಯಾದ ರಾಷ್ಟ್ರತತ್ವವಾದ ಪಂಚಶೀಲದ ನಾಲ್ಕನೇ ತತ್ವದಲ್ಲಿ ಅದೇ ಅರಬಿ ಬೇರಿನ ಮುಷಾವರಾ ಪದ ಇದೆ. ಶೂರಾ ಅಂದರೆ ಪ್ರಜಾಪ್ರಭುತ್ವವೇ ಅಂತ ಕೆಲವರು, ಅಲ್ಲವೇ ಅಲ್ಲ ಅಂತ ಕೆಲವರು ವಾದಿಸುತ್ತಾರೆ. ನಾನು ನೋಡುವುದು ಇಷ್ಟೇ: ಅಲ್ಲಿ ಕೂತವರು ಬೇಡ ಅನ್ನಬಹುದಾ? ಹಾಗೆ ಅಂದಮೇಲೆ ಮನೆಗೆ ನೆಮ್ಮದಿಯಿಂದ ವಾಪಸ್ ಹೋಗಬಹುದಾ? ಭಾರ ಹೊರುವವರು ಆ ಕೋಣೆಯಲ್ಲಿ ಇದ್ದಾರಾ? ಮಸೀದಿ ಕಮಿಟಿಗೂ ಇದೇ ಪ್ರಶ್ನೆಗಳು.

ಅಭ್ಯಾಸಕ್ಕೆ ಮನೆ

ಮಶ್ವರಾ ಅಭ್ಯಾಸದ ಮೇಲೆ ಬರುವುದು. ಮನೆಯಲ್ಲಿ ಯಾರನ್ನೂ ಕೇಳದವರು ಕಮಿಟಿಯಲ್ಲಿ ಕೇಳುತ್ತಾರೆ ಅಂತ ನಂಬಬೇಡಿ. ಕುರ್‌ಆನ್ 2:233ರಲ್ಲಿ ಮಗುವಿಗೆ ಎದೆಹಾಲು ಬಿಡಿಸುವ ವಿಷಯ ಬರುತ್ತದೆ. ಎರಡು ವರ್ಷಕ್ಕೆ ಮೊದಲೇ ಬಿಡಿಸಬೇಕೆಂದಿದ್ದರೆ ತಂದೆ ತಾಯಿ ಇಬ್ಬರೂ ಒಪ್ಪಿ, ಸಮಾಲೋಚನೆ ಮಾಡಿ ಬಿಡಿಸಲಿ. ಅಷ್ಟು ಚಿಕ್ಕ, ಅಷ್ಟು ಖಾಸಗಿ ವಿಷಯಕ್ಕೂ ಅದೇ ಶೂರಾದ ಬೇರಿನ ಪದ.

ಈ ವಾರ ಮನೆಯಲ್ಲಿ ಒಂದು ವಿಷಯ ಆರಿಸಿ. ಮಕ್ಕಳ ಶಾಲೆ ಬದಲಿಸುವುದೋ, ಊರಿಗೆ ಹೋಗುವುದೋ, ರಮಝಾನಿನಲ್ಲಿ ಕೆಲಸ ಹಂಚಿಕೊಳ್ಳುವುದೋ, ಏನಾದರೂ ಆಗಲಿ. ಚಿಕ್ಕವರಿಂದ ಶುರುಮಾಡಿ ಕೇಳುತ್ತಾ ಬನ್ನಿ, ನೀವು ಕೊನೆಗೆ ಮಾತಾಡಿ. ಮೊದಲ ಸಲ ಯಾರೂ ಏನೂ ಹೇಳುವುದಿಲ್ಲ, "ನೀವು ಹೇಳಿದ ಹಾಗೆ" ಅನ್ನುತ್ತಾರೆ. ಎರಡನೇ ಸಲವೂ ಹಾಗೇ ಆಗಬಹುದು. ಮಗುವನ್ನು ಏನು ಕೇಳುವುದು ಅನಿಸಿದರೆ 37ನೇ ಅಧ್ಯಾಯದ 102ನೇ ವಚನ ತೆರೆಯಿರಿ. ಪ್ರವಾದಿ ಇಬ್ರಾಹೀಮರು(ಅ) ಮಗನನ್ನು ಬಲಿ ಕೊಡುವ ಕನಸು ಕಂಡರು. ಪ್ರವಾದಿಯ ಕನಸು ಅಂದರೆ ಆದೇಶವೇ, ಅಲ್ಲಿ ಮಶ್ವರಾಕ್ಕೆ ಜಾಗವೇ ಇರಲಿಲ್ಲ. ಆದರೂ ಬಲಿಯಾಗಬೇಕಾದವನು ಮಗ. ಅವನನ್ನು ಕೂರಿಸಿಕೊಂಡು ಅವರು ಕೇಳಿದರು: ಮಗೂ, ನಾನು ಇಂಥ ಕನಸು ಕಂಡೆ, ನೋಡು, ನಿನಗೇನು ಅನಿಸುತ್ತದೆ?